ಐವತ್ತನಾಲ್ಕು ಮೊಟ್ಟೆಯ ಪಟ್ಟಿ

ಮಾತು ಆಡಿದರೆ ಹೋಯಿತು, ಮೂಳೆ ಮುರಿದರೆ ಹೋಯಿತು. ಮುತ್ತಿನ ಗಾದೆಯನ್ನು ಹೀಗೆ ಮುರಿದದ್ದಕ್ಕೆ ಹಿರಿಯರು ಸಿಟ್ಟಾಗಬಾರದು. ಮುತ್ತು ಒಡೆದುಕೊಂಡು ಅತ್ತವರನ್ನು ನಮ್ಮ ಮೈಸೂರಿನಲ್ಲಿ ನಾನು ಇದುವರೆಗೆ ಕಂಡಿಲ್ಲ. ಮೂಳೆ ಮುರಿದುಕೊಂಡವರು ಬೀದಿಗೊಬ್ಬರು ಸಿಗುತ್ತಾರೆ. ಮೂಳೆಯನ್ನಾದರೂ ಕಟ್ಟಬಹುದು, ಆಡಿದ ಮಾತಿಗೆ ಬಟ್ಟೆ ಸುತ್ತುವವರು ಯಾರು? ಈಗ ಹೇಳುವುದು ನಡೆದದ್ದು, ಕಟ್ಟುಕಥೆಯಲ್ಲ. ಅಂದರೆ, ಕಥೆಯೊಳಗೆ ಕಟ್ಟು ಇದೆ, ಕಥೆಯನ್ನು ಕಟ್ಟಿಲ್ಲ.

ಸಾವಿರದ ಒಂಬೈನೂರ ಅರವತ್ತೊಂದರ ಒಂದು ಸೋಮವಾರ ಬೆಳಿಗ್ಗೆ, ಹಂಡೆಯ ಮುಂದೆ ಕೂತು ಎರಡನೆಯ ಚೊಂಬು ನೀರನ್ನು ತಲೆಯ ಮೇಲೆ ಸುರಿದುಕೊಳ್ಳುವಾಗ, ವಕೀಲ ಗುರುಮಲ್ಲಪ್ಪನಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ನಿನ್ನೆ ಇಡೀ ದಿನ ಅದು ತಮಾಷೆಯಾಗಿತ್ತು. ಇಲವಾಲದಿಂದ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಒಬ್ಬನೇ ನಕ್ಕಿದ್ದ. ಸಂಜೆ ಹೋಟೆಲಿನಲ್ಲಿ ಸ್ನೇಹಿತರ ಮುಂದೆ ಅದನ್ನು ಎರಡು ಸಲ ಆಡಿ ತೋರಿಸಿದ್ದ, ಎರಡನೆಯ ಸಲ ಪಕ್ಕದ ಮೇಜಿನವರೂ ಕಾಫಿ ಬಿಟ್ಟು ತಿರುಗಿದ್ದರು. ಈಗ ಬಿಸಿನೀರು ಕಿವಿಯಿಂದ ಇಳಿಯುತ್ತಿದ್ದಂತೆ ತಮಾಷೆಯ ಬಣ್ಣವೂ ಇಳಿಯಿತು. ಉಳಿದದ್ದು ಇಷ್ಟು: ಹನ್ನೊಂದು ಗಂಟೆಗೆ ಕೋರ್ಟಿನಲ್ಲಿ ಪುಟ್ಟತಾಯಮ್ಮನ ಮೊಕದ್ದಮೆ, ಅದರಲ್ಲಿ ಅವಳನ್ನು ಬಿಟ್ಟರೆ ಉಳಿದಿದ್ದ ಒಂದೇ ಸಾಕ್ಷಿ ಮೂಳೆ ಕಟ್ಟುವ ಕೆಂಪಯ್ಯ, ಅವನು ತರಬೇಕಾದ ಒಂದೇ ವಸ್ತು ಚಿಕಿತ್ಸೆಯ ಖರ್ಚಿನ ಪಟ್ಟಿ. ಅವನು ಅದನ್ನು ತರುವುದಿಲ್ಲ. ಅವನು ತರದಂತೆ ಮಾಡಿದವನು ಪುಟ್ಟತಾಯಮ್ಮನ ವಕೀಲನೇ.

ನಿನ್ನೆ ಅವನು ಇಲವಾಲಕ್ಕೆ ಹೋದದ್ದು ಒಳ್ಳೆಯ ಕೆಲಸಕ್ಕೇ. ಸಾಕ್ಷಿಯನ್ನು ಕಂಡು, ನಾಳೆ ಬನ್ನಿ, ಖರ್ಚಿನ ಪಟ್ಟಿ ತನ್ನಿ ಎಂದು ಹೇಳಿ ಬರುವುದಕ್ಕೆ. ಕೆಂಪಯ್ಯನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಮುದುಕ ಬಾಗಿಲಿಗೆ ಬೆನ್ನು ಮಾಡಿ ಕೂತು ಉದ್ದು ಬೀಸುತ್ತಿದ್ದ. ಆ ಬೆನ್ನು ಎಷ್ಟು ನೆಮ್ಮದಿಯಾಗಿತ್ತೆಂದರೆ ಗುರುಮಲ್ಲಪ್ಪನ ಗಂಟಲಲ್ಲಿ ಏನೋ ತುರಿಸತೊಡಗಿತು. ಆ ತುರಿಕೆ ಅವನಿಗೆ ಹೈಸ್ಕೂಲಿನಿಂದ ಗೊತ್ತು. ಯಾರದಾದರೂ ದನಿ ಒಳಗಿಂದ ಬಾಗಿಲು ತಟ್ಟುವ ತುರಿಕೆ. ನಿನ್ನೆ ತಟ್ಟಿದ್ದು ಕೋರ್ಟಿನಲ್ಲಿ ಹೆಸರು ಕೂಗುವ ಅಮೀನನ ದನಿ. ಗುರುಮಲ್ಲಪ್ಪ ಹೊಸ್ತಿಲ ಪಕ್ಕಕ್ಕೆ ಸರಿದು, ಮೂಗು ಬಿಗಿಹಿಡಿದು, ಪ್ರತಿ ಮಾತಿನ ಬಾಲವನ್ನೂ ಎಳೆದು ಕೂಗಿದ: "ಇಲವಾಲದ ಕೆಂಪಯ್ಯಾ! ನಾಳೆ ಹನ್ನೊಂದು ಗಂಟೆಗೇ... ಪಟ್ಟೀ ಸಮೇತಾ... ಹಾಜರಾಗತಕ್ಕದ್ದೂ!" ಬೀಸುಕಲ್ಲು ನಿಂತಿತು. ಮುದುಕ ತಿರುಗಿದ, ಕಣ್ಣಲ್ಲಿ ಪೊರೆ, ಬಿಸಿಲಲ್ಲಿ ನಿಂತವನ ಆಕಾರ ಮಾತ್ರ ಕಂಡಿರಬೇಕು. ಹಿಟ್ಟಿನ ಕೈಯನ್ನೇ ಮುಗಿದ. "ತತ್ತೀನಿ ಬುದ್ಧಿ. ಆ ಎಣ್ಮಗಳ ಕೈಗೆ ಸುತ್ತಿದ್ದ ಪಟ್ಟಿ ಅಲ್ವರಾ? ಬಿಚ್ಚಿ ಒಗ್ದು ಮಡಗಿವ್ನಿ. ಅಂಗೇ ಅದೆ, ತತ್ತೀನಿ." ಗುರುಮಲ್ಲಪ್ಪನ ಹೊಟ್ಟೆಯಲ್ಲಿ ಆನಂದ ಉಕ್ಕಿತು. ಕೇಳಿದ್ದು ಖರ್ಚಿನ ಪಟ್ಟಿ, ಸಿಕ್ಕಿದ್ದು ಗಾಯದ ಪಟ್ಟಿ! ಇಂಥ ಶ್ಲೇಷೆ ಬೇಕೆಂದು ತಪಸ್ಸು ಮಾಡಿದರೂ ಸಿಗುವುದಿಲ್ಲ. ತಿದ್ದಿಬಿಡಬೇಕು, ಆದರೆ ಒಂದು ನಿಮಿಷ ಬಿಟ್ಟು, ಅಂದುಕೊಂಡ. ಆ ಒಂದು ನಿಮಿಷದಲ್ಲಿ ರಸ್ತೆಯ ಮೇಲೆ ಮೈಸೂರಿನ ಬಸ್ಸು ಹಾರ್ನ್ ಮಾಡಿತು, ಮುಂದಿನದು ಎರಡು ಗಂಟೆ ಬಿಟ್ಟು, ಓಡಿ ಹತ್ತಿದ.

"ಎಷ್ಟು ಹೊತ್ತು ರೀ ಸ್ನಾನ? ಹಂಡೆಯೊಳಗೇ ಇಳಿದುಬಿಟ್ಟಿರಾ?" ಎಂದು ಹೆಂಡತಿ ಪ್ರೇಮಲೀಲಾ ಕೂಗಿದಳು. ಅವನು ಟವೆಲು ಸುತ್ತಿಕೊಂಡು ಬಂದು, ವಿಭೂತಿ ಇಟ್ಟುಕೊಂಡು, ಉಪ್ಪಿಟ್ಟಿನ ಮುಂದೆ ಕೂತ. ಇಲವಾಲಕ್ಕೆ ಈಗ ಹೊರಟರೆ ಬಸ್ಸು ಸಿಕ್ಕಿ, ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ. "ಕೈ ಹಿಡಿದವಳಿಗೆ ಒಂದು ಮಾತು ಹೇಳಲೇ?" ಎಂದು ಬಾಯಿ ತೆರೆದ. ಹೊರಬಂದದ್ದು ಅವಳ ಚಿಕ್ಕಪ್ಪನ ಗೊಗ್ಗರು ದನಿ. ಪ್ರೇಮಲೀಲಾ ನಗಲಿಲ್ಲ. ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿ, "ಮದುವೆಯಾಗಿ ಆರು ವರ್ಷ ಆಯಿತು. ಊರವರ ದನಿಯೆಲ್ಲ ನಮ್ಮನೇಲಿ ಕೇಳಿಸಿದ್ದಾಯಿತು. ನಿಮ್ಮದು ಯಾವುದು ಅಂತ ಒಂದಿನ ತೋರಿಸಿಬಿಡಿ, ನೋಡಿಕೊಂಡಿರ್ತೀನಿ" ಅಂದಳು. ಅವನು ಉಪ್ಪಿಟ್ಟನ್ನು ಅರ್ಧಕ್ಕೆ ಬಿಟ್ಟು ಎದ್ದ.

ಲಕ್ಷ್ಮೀಪುರದಿಂದ ಕೋರ್ಟಿಗೆ ನಡೆಯುವ ದಾರಿಯಲ್ಲಿ ಭಾವಮೈದುನನಿಂದ ಎರವಲು ತಂದ ಕರಿ ಕೋಟಿನ ತೋಳು ಅವನ ಬೆರಳ ಗೆಣ್ಣುಗಳವರೆಗೂ ಇಳಿದಿತ್ತು. ಅದನ್ನು ಮೇಲಕ್ಕೆಳೆಯುತ್ತ, ಬಿಡುತ್ತ ನಡೆದ. ಅವನ ಮೊದಲ ಸ್ವಂತ ಮೊಕದ್ದಮೆ ಇದು; ಹಿರಿಯ ವಕೀಲ ಬಸವರಾಜು ಫೈಲನ್ನು ಮೇಜಿನ ಮೇಲೆ ಇಟ್ಟವರಲ್ಲ, ಎಸೆದವರು: "ತಗೊಳ್ಳಯ್ಯ ನಾಟಕದವನೇ. ತಪ್ಪು ಬಸ್ಸಿನವರದು ಅಂತ ಆಗಲೇ ತೀರ್ಮಾನ ಆಗಿದೆ. ಚಿಕಿತ್ಸೆಯ ಖರ್ಚು ಒಂದು ಸಾಬೀತು ಮಾಡಬೇಕು. ಅಷ್ಟೂ ಆಗದಿದ್ದರೆ ನಾಟಕದ ಕಂಪನಿ ಸೇರಿಬಿಡು, ಹಾಸ್ಯಗಾರನ ಪಾತ್ರ ಖಾಲಿ ಇರಬಹುದು." ಕಾನೂನಿನ ಪುಸ್ತಕದಲ್ಲಿ ಇದ್ದದ್ದು ಒಂದೇ ಮಾತು, ರೀಸನಬಲ್. ಹಳೆಯ ಶಿರಸ್ತೇದಾರರು ಅದನ್ನು ವಾಜಬಿ ಎನ್ನುತ್ತಿದ್ದರು. ವಾಜಬಿ ಖರ್ಚನ್ನು ಮಾತ್ರ ಕೊಡತಕ್ಕದ್ದು. ಮುರಿದ ಕೈಗೆ ಮೆತ್ತುವ ಕಟ್ಟಿಗೆ ಎಷ್ಟು ಮೊಟ್ಟೆ ವಾಜಬಿ? ರಾಮ ಬಿಲ್ಲು ಮುರಿದು ಗೆದ್ದ, ನಾನು ಬಿಲ್ಲಿಲ್ಲದೆ ಗೆಲ್ಲಬೇಕು ಎಂದು ಹೋದ ವಾರ ಅವನೇ ಒಂದು ಹಾಸ್ಯ ಹೊಸೆದಿದ್ದ. ಈಗ ಅದು ನೆನಪಾಗಿ ನಾಚಿಕೆಯಾಯಿತು, ಅದರ ಹಿಂದೆಯೇ ಇನ್ನೊಂದು ಹಳೆಯ ನಾಚಿಕೆಯೂ ಬಂತು. ಅಪ್ಪ ತೀರಿಹೋದ ಮೇಲಿನ ತಿಂಗಳು, ಬಚ್ಚಲಲ್ಲಿ ಹಲ್ಲುಜ್ಜುತ್ತ, ಯಾಕೆಂದು ಗೊತ್ತಿಲ್ಲದೆ ಅಪ್ಪನ ಕೆಮ್ಮು ಕೆಮ್ಮಿಬಿಟ್ಟಿದ್ದ. ಅದೇ ಮೂರು ಮೆಟ್ಟಿಲಿನ ಕೆಮ್ಮು, ಕೊನೆಯಲ್ಲಿ ಒಂದು ಸಣ್ಣ ಸೀಟಿ. ಅಡಿಗೆಮನೆಯಿಂದ ಅವ್ವ ಬಿಸಿನೀರಿನ ಲೋಟ ಹಿಡಿದು ಓಡಿ ಬಂದಳು. ಬಚ್ಚಲ ಬಾಗಿಲಲ್ಲಿ ನಿಂತಳು. ಬೈಯಲಿಲ್ಲ. ಲೋಟದ ನೀರನ್ನು ನಿಂತಲ್ಲೇ ತಾನು ಕುಡಿದು, ಲೋಟ ತೊಳೆದು, ಒಳಗೆ ಹೋದಳು. ಕೋಟಿನ ತೋಳನ್ನು ಮತ್ತೆ ಮೇಲಕ್ಕೆಳೆದ. ಎದುರಿಗೆ ಕೋರ್ಟಿನ ಮೆಟ್ಟಿಲು.

ಮರದ ಕೆಳಗೆ ಪುಟ್ಟತಾಯಮ್ಮ ನಿಂತಿದ್ದಳು, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. ನಜರ್‌ಬಾದಿನಲ್ಲಿ ರವಿಕೆ ಹೊಲಿಯುವ ಹೆಂಗಸು. ಎಂಟು ತಿಂಗಳ ಹಿಂದೆ ಕಡಕೊಳದಲ್ಲಿ ರಸ್ತೆ ಬದಿ ನಿಂತಿದ್ದಾಗ ಒಂದು ಖಾಸಗಿ ಬಸ್ಸಿನ ಹಿಂದಿನ ಏಣಿ ಅವಳ ಮುಂಗೈಯನ್ನು ತಾಗಿಸಿಕೊಂಡು ಹೋಗಿತ್ತು. ಮೂಳೆ ಕೂಡಿತು, ಕೂಡಿಸುವ ಖರ್ಚಿಗೆ ಹೊಲಿಗೆ ಮಿಷನ್ನು ಅಡವಾಗಿ ನಾದಿನಿಯ ಮನೆ ಸೇರಿತು. ದೀಪಾವಳಿಯೊಳಗೆ ಕೊಟ್ಟ ಹಣ ಹಿಂತಿರುಗಿಸಿದರೆ ವಾಪಸು, ಇಲ್ಲವಾದರೆ ಅದು ನಾದಿನಿಯದೇ. "ದಿನಾ ಸಂಜೆ ಅವಳ ಮನೆ ಮುಂದಿಂದ ಹೋಯ್ತೀನಿ ಸ್ವಾಮಿ. ಒಳಗೆ ನನ್ನ ಮಿಷನ್ನು ಬ್ಯಾರೆ ತರ ಸದ್ದು ಮಾಡ್ತದೆ" ಎಂದು ಒಮ್ಮೆ ಹೇಳಿದ್ದಳು. ಮೊಟ್ಟೆ ಎಷ್ಟು ಎಂದು ಕೇಳಿದಾಗ ಐವತ್ನಾಕು ಅಂದಿದ್ದಳು. ಅರವತ್ತು ಅಂತ ಬರೆಯಲೇ ಎಂದು ಗುರುಮಲ್ಲಪ್ಪ ಕೇಳಿದ್ದಕ್ಕೆ, "ಐವತ್ನಾಕು ಅಂದ್ರೆ ಐವತ್ನಾಕೇಯ. ಮೊಟ್ಟೆ ಕೊಟ್ಟ ಬೀರಮ್ಮ ಇನ್ನೂ ಬದುಕವ್ಳೆ" ಎಂದು ಗದರಿದ್ದಳು.

ಅವಳ ಪಕ್ಕದಲ್ಲಿ ಕೆಂಪಯ್ಯ. ಒಗೆದ ಪಂಚೆ, ರುಮಾಲು, ಕಂಕುಳಲ್ಲಿ ಬಟ್ಟೆಯ ಸಣ್ಣ ಗಂಟು. ಗುರುಮಲ್ಲಪ್ಪನ ಪ್ರಾಣ ಆ ಗಂಟಿನೊಳಗೆ ಇತ್ತು. "ಇವ್ರೇ ಕಣಜ್ಜ ನಮ್ಮ ಲಾಯರು" ಎಂದಳು ಪುಟ್ಟತಾಯಮ್ಮ. ಮುದುಕ ದನಿ ಬಂದ ಕಡೆ ಕೈಮುಗಿದ. "ನೆನ್ನೆ ನಿಮ್ಮ ಅಮೀನ್ ದೊರೆ ಬಂದಿದ್ರು ಬುದ್ಧಿ. ಏನು ಗಂಟ್ಲು, ಏನು ಗತ್ತು! ನಮ್ಮ ಹಸ ಹಗ್ಗ ಕಿತ್ಕಂಡು ಎದ್ದು ನಿಂತ್ಕಬುಡ್ತು. ಪಟ್ಟಿ ತಂದಿವ್ನಿ." ಈಗ ಹೇಳಬಹುದಿತ್ತು. ಅದು ನಾನು ಅಜ್ಜ, ಅಂದರೆ ಮೂರು ಮಾತು. ಪುಟ್ಟತಾಯಮ್ಮ ಅವನ ಮುಖವನ್ನೇ ನೋಡುತ್ತಿದ್ದಳು, ದೇವರ ಪಟ ನೋಡುವ ಹಾಗೆ. ಬಾಯಿ ತೆರೆದ. ಒಳಗಿಂದ ನಿಜವಾದ ಅಮೀನ ಇವರ ಹೆಸರು ಕೂಗಿದ.

ಬಸ್ಸಿನವರ ವಕೀಲ ಮರಿಸ್ವಾಮಿ ಚಿನ್ನದ ಚೌಕಟ್ಟಿನ ಕನ್ನಡಕವನ್ನು ಒರೆಸಿಕೊಂಡೇ ಎದ್ದರು. ಒರೆಸುತ್ತ ಮಾತಾಡಿದರೆ ಎದುರಿನವನು ಕೊಳೆಯ ಹಾಗೆ ಕಾಣುತ್ತಾನೆ. ಮೊದಲು ಪುಟ್ಟತಾಯಮ್ಮನನ್ನು ಹಿಡಿದರು. "ಊರಲ್ಲಿ ಧರ್ಮಾಸ್ಪತ್ರೆ ಇದೆ. ಬಿಡಿಗಾಸಿಲ್ಲದೆ ಕೈ ಕಟ್ಟುತ್ತಾರೆ. ಇಲವಾಲಕ್ಕೆ ಯಾಕೆ ಹೋದೆ?"

"ಆಸ್ಪತ್ರೆಗೂ ಹೋಗಿದ್ದೆ ಸ್ವಾಮಿ. ಮೂಳೆ ಮುರಿದದೆ ಅಂತ ಡಾಕ್ಟ್ರು ಬರ್ಕೊಟ್ಟವ್ರೆ. ಅಲ್ಲೇ ಇರು ಅಂದ್ರು. ಮನೇಲಿ ಅತ್ತೆ ಹಾಸ್ಗೆ ಹಿಡಿದವ್ರೆ, ನಾನು ಅಲ್ಲಿ ಮನಗಿದ್ರೆ ಅವರಿಗೆ ಗಂಜಿ ಹುಯ್ಯೋರ್ಯಾರು?"

"ಆಗಲಿ. ಇಲವಾಲಕ್ಕೆ ಬಸ್ಸಿದೆಯಲ್ಲ? ಒಂಬತ್ತು ಸಲ ಜಟಕಾ ಯಾಕೆ? ಮಹಾರಾಣಿ ಸವಾರಿಯೋ?"

ಪುಟ್ಟತಾಯಮ್ಮ ಸೆರಗಿನಿಂದ ಕೈ ಹೊರಗೆ ತೆಗೆದಳು. "ಬಸ್ ಕಂಡ್ರೆ ಈ ಕೈ ನಡುಗೋದು ಸ್ವಾಮಿ. ನಡುಗಿದ್ರೆ ಕಟ್ಟು ಸಡ್ಲ ಆಯ್ತದೆ ಅಂತ ಅಜ್ಜ ಬೈಯೋರು. ಮುರಿದಿದ್ದು ಬಸ್ಸೇ ಅಲ್ವರಾ? ಜಟಕಾ ಯಾವತ್ತೂ ನನಗೇನೂ ಮಾಡಿರ್ನಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ನ್ಯಾಯಾಧೀಶರು ತಲೆ ಎತ್ತದೆ ಏನೋ ಬರೆದುಕೊಂಡರು. ಮರಿಸ್ವಾಮಿ ಕನ್ನಡಕ ಹಾಕಿಕೊಂಡರು. "ಐವತ್ತನಾಲ್ಕು ಮೊಟ್ಟೆ. ಕೈಗೆ ಹಚ್ಚಿದ್ದೋ, ಬಾಯಿಗೆ ಹಚ್ಚಿದ್ದೋ? ಅದಕ್ಕೇ ಮಹಾಸ್ವಾಮಿ, ಹೋದ ಸಲ ತಾವು ಅಪ್ಪಣೆ ಮಾಡಿದ್ದು, ವೈದ್ಯನ ಪಟ್ಟಿ ಇವತ್ತು ಹಾಜರಾಗದಿದ್ದರೆ ಚಿಕಿತ್ಸೆಯ ಬಾಬ್ತು ವಜಾ ಅಂತ."

ಕೆಂಪಯ್ಯ ಕಟಕಟೆ ಹತ್ತಿದ. "ಪಟ್ಟಿ ತಂದಿದ್ದೀಯೇನಪ್ಪ?" ಎಂದರು ನ್ಯಾಯಾಧೀಶರು. "ತಂದಿವ್ನಿ ಮಾಸ್ವಾಮಿ" ಎಂದು ಮುದುಕ ಗಂಟು ಬಿಚ್ಚಿ, ಸುರುಳಿಯ ಒಂದು ತುದಿ ಹಿಡಿದು ಕೊಡವಿದ. ಒಗೆದು ಒಗೆದು ಹಳದಿಯಾದ ಬಟ್ಟೆ ಕಟಕಟೆಯಿಂದ ಇಳಿದು, ನೆಲದ ಮೇಲೆ ಉರುಳಿ, ಮರಿಸ್ವಾಮಿಯವರ ಬೂಟಿನವರೆಗೂ ಹೋಗಿ ನಿಂತಿತು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕೋರ್ಟಿಗೆ ಕೋರ್ಟೇ ನಕ್ಕಿತು. ಕೆಂಪಯ್ಯ ಪೊರೆಗಣ್ಣನ್ನು ಆಚೀಚೆ ಆಡಿಸಿದ, ನಗು ಎಲ್ಲಿಂದ ಬರುತ್ತಿದೆ ಎಂದು ಹುಡುಕುವವನ ಹಾಗೆ. ರುಮಾಲು ಸರಿಮಾಡಿಕೊಂಡ, ತಪ್ಪು ಅಲ್ಲಿದೆಯೇನೋ ಎಂಬಂತೆ. ಗುರುಮಲ್ಲಪ್ಪನಿಗೆ ಆ ರುಮಾಲಿನ ಮೇಲಿನ ಕೈಯನ್ನು ನೋಡಲಾಗಲಿಲ್ಲ.

"ಮಹಾಸ್ವಾಮಿ," ಎಂದರು ಮರಿಸ್ವಾಮಿ, ಬೂಟಿನ ತುದಿಯಿಂದ ಬಟ್ಟೆಯನ್ನು ಸರಿಸುತ್ತ, "ಕೇಳಿದ್ದೂ ಪಟ್ಟಿ, ತಂದದ್ದೂ ಪಟ್ಟಿ. ನನ್ನ ಕಿರಿಯ ಮಿತ್ರರು ಶ್ಲೇಷಾಲಂಕಾರದಲ್ಲೇ ವಾದ ಮಾಡುತ್ತಾರೆ ಅಂತ ಹೋಟೆಲುಗಳಲ್ಲಿ ಕೇಳಿದ್ದೆ." ತನ್ನ ನಾಣ್ಯವನ್ನೇ ತನ್ನ ಮುಖಕ್ಕೆ ಎಸೆದರೆ ಹೀಗೆ ಉರಿಯುತ್ತದೆಂದು ಗುರುಮಲ್ಲಪ್ಪನಿಗೆ ಗೊತ್ತಿರಲಿಲ್ಲ. ಗಂಟಲು ತುರಿಸಿತು. ಮರಿಸ್ವಾಮಿಯ ದನಿ ಬಾಗಿಲಿಗೆ ಬಂದಿತ್ತು, ಆ ಬೆಣ್ಣೆ ಸವರಿದ ಎಳೆತ, ಒಂದು ಸಾಲು ಆಡಿದರೆ ಇಡೀ ಕೋರ್ಟು ತನ್ನ ಕಡೆ ನಗುತ್ತದೆ. ನಕ್ಕು? ನಕ್ಕ ಮೇಲೆ ಏನು? ಮಿಷನ್ನು ನಾದಿನಿಯ ಮನೆಯಲ್ಲೇ ಬೇರೆ ತರಹ ಸದ್ದು ಮಾಡುತ್ತಿರುತ್ತದೆ. ಅವನು ಬಗ್ಗಿದ. ಬೂಟಿನ ಹತ್ತಿರದಿಂದ ಬಟ್ಟೆಯ ತುದಿಯನ್ನು ಎತ್ತಿಕೊಂಡ, ಧೂಳು ಕೊಡವಿದ, ಕೊಡವುವಾಗ ಕಂಡ. ಅಂಚಿನುದ್ದಕ್ಕೂ ಕಪ್ಪು ಗುರುತು. ಕೊಳೆಯಲ್ಲ. ಸಾಲು ಸಾಲಾಗಿ, ಗುಂಪು ಗುಂಪಾಗಿ, ಒಂದೊಂದು ಗುಂಪಿಗೂ ನಡುವೆ ಗೆರೆ.

"ಕೆಂಪಯ್ಯನವರೇ," ಎಂದ. ದನಿ ತೆಳ್ಳಗಿತ್ತು, ಸ್ವಲ್ಪ ಒಡೆದಿತ್ತು. ಯಾರದೂ ಅಲ್ಲದ ದನಿ. ಕೇಳಿ ಅವನಿಗೇ ಆಶ್ಚರ್ಯವಾಯಿತು. "ಈ ಕಪ್ಪು ಗುರುತುಗಳು ಏನು?"

"ಅದೇಯ ಬುದ್ಧಿ ಪಟ್ಟಿ" ಎಂದ ಕೆಂಪಯ್ಯ, ಇಷ್ಟು ಹೊತ್ತು ಇದನ್ನು ಯಾರೂ ಯಾಕೆ ಕೇಳಲಿಲ್ಲ ಎಂಬ ದನಿಯಲ್ಲಿ. "ನನಗೆ ಅಕ್ಸರ ಬರಾಕಿಲ್ಲ. ಕಟ್ಟು ಬಿಚ್ಚಿ ಒಗ್ದು ತಿರುಗಾ ಕಟ್ಟೋವಾಗ ಅಂಚಿಗೆ ಕರಿಗೇರಿನ ಮಸಿಲಿ ಗುರ್ತು ಹಾಕ್ತೀನಿ, ಅಗಸ್ರು ಹಾಕಾಕಿಲ್ವ, ಅಂಗೆ. ಒಗುದ್ರೂ ಹೋಗಾಕಿಲ್ಲ. ನಮ್ಮಪ್ಪ ಇಂಗೇ ಮಾಡೋನು. ನಾಳೆ ನಾನು ಸತ್ರೆ, ಇನ್ನೊಬ್ಬ ಕಟ್ಟೋನು ನೋಡ್ಕಬೇಕಲ್ಲ ಏನೇನು ಹಾಕವ್ರೆ ಅಂತ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಓದು."

ಮುದುಕ ಕಣ್ಣು ಮುಚ್ಚಿಕೊಂಡ. ಬಟ್ಟೆಯ ಅಂಚನ್ನು ಹೆಬ್ಬೆರಳಿನ ಕೆಳಗೆ ಜಾರಿಸುತ್ತ, ಮಸಿ ಒರಟಾಗಿ ಕೂತ ಕಡೆ ನಿಲ್ಲುತ್ತ, ಓದಿದ. "ಉದ್ದ ಗೆರೆ, ಒಂದ್ನೇ ಕಟ್ಟು. ಬೊಟ್ಟು ಎಂಟು, ಎಂಟು ಮೊಟ್ಟೆ. ಉದ್ದಿನ ಹಿಟ್ಟಿಗೆ ಬಿಳೀದು ಕಲ್ಸಿ ಮೆತ್ತೋದು, ಗಾರೆ ಹಂಗೆ ಹಿಡ್ಕತದೆ. ಈ ಕೊಕ್ಕೆ ಎಣ್ಣೆ. ಈ ಸುತ್ತು ಜಟಕಾ ಗಾಲಿ. ಬಂದಿದ್ರೆ ಹಾಕ್ತೀನಿ, ಇಲ್ದಿದ್ರೆ ಇಲ್ಲ. ಎಲ್ಡ್ನೇ ಕಟ್ಟು, ಎಂಟು. ಮೂರ್ನೇದು ಏಳು. ಊತ ಇಳೀತಾ ಬಂತು, ಮೊಟ್ಟೆನೂ ಇಳೀತು."

"ನಿಲ್ಲಿಸು" ಎಂದರು ಮರಿಸ್ವಾಮಿ. ಹತ್ತಿರ ಬಂದು ಬಟ್ಟೆಯನ್ನು ತಾವೇ ಕೈಗೆ ತೆಗೆದುಕೊಂಡರು. "ನಾನು ಎಣಿಸುತ್ತೇನೆ." ಬೆರಳಿಟ್ಟು ಎಣಿಸಿದರು. ಎಂಟು, ಎಂಟು, ಏಳು, ಏಳು, ಆರು, ಆರು. ದನಿಯ ಬೆಣ್ಣೆ ಆರರ ಹೊತ್ತಿಗೆ ಕರಗಿತು. ಐದು. ನಾಲ್ಕು. ಕೊನೆಯ ಗುಂಪಿನ ಮೇಲೆ ಬೆರಳು ನಿಂತಿತು.

"ಮೂರು" ಎಂದ ಕೆಂಪಯ್ಯ ಕಣ್ಣು ಮುಚ್ಚಿಕೊಂಡೇ. "ಒಂಬತ್ನೇ ಕಟ್ಟು. ಅವತ್ತು ಆ ಎಣ್ಮಗಳು ಬಳೆ ಹಾಕ್ಕಂಡು ಬಂದಿದ್ಳು."

"ಒಟ್ಟು ಎಷ್ಟಾಯಿತು ವಕೀಲರೇ?" ಎಂದರು ನ್ಯಾಯಾಧೀಶರು. ಮರಿಸ್ವಾಮಿ ಕನ್ನಡಕ ತೆಗೆದು ಒರೆಸತೊಡಗಿದರು. "ಐವತ್ನಾಕು ಅಂದ್ರೆ ಐವತ್ನಾಕೇಯ!" ಎಂದು ಪುಟ್ಟತಾಯಮ್ಮ ಬೆಂಚಿನಿಂದ ಎದ್ದೇ ನಿಂತಳು. ಅಮೀನ ಸದ್ದು ಎಂದ. ನ್ಯಾಯಾಧೀಶರು ಅಮೀನನಿಗೆ ಕೈ ತೋರಿಸಿದರು, ಬಿಡು ಎಂದು.

ಮರಿಸ್ವಾಮಿ ಕೊನೆಯ ಬಾಣ ಬಿಟ್ಟರು. "ಎಲ್ಲದಕ್ಕೂ ಗುರುತಿದೆ, ನಿನ್ನ ಫೀಸಿನ ಗುರುತು ಎಲ್ಲಿ? ಒಂಬತ್ತು ಸಲ ಕಟ್ಟಿದವನು ಸುಮ್ಮನೆ ಕಟ್ಟಿದೆಯಾ? ಅದನ್ನು ಯಾಕೆ ಬಚ್ಚಿಟ್ಟೆ?"

ಕೆಂಪಯ್ಯ ಎರಡೂ ಕೈಗಳನ್ನು ಮುಂದೆ ಚಾಚಿ ಅಂಗೈ ತೋರಿಸಿದ. "ಕಟ್ಟಿಗೆ ಕಾಸು ಇಸ್ಕಂಡ್ರೆ ಕೈಗುಣ ಹೋಯ್ತದೆ ಬುದ್ಧಿ. ನಮ್ಮಪ್ಪ ಆಣೆ ಇಡಿಸ್ಕಂಡವ್ನೆ. ಎಲೆ ಅಡ್ಕೆ ಕೊಟ್ರೆ ತಕ್ಕತೀನಿ. ಅದನ್ನ ಆಗ್ಲೇ ಉಗುದ್ಬುಟ್ಟೆ, ಎಲ್ಲಿಂದ ಗುರ್ತು ಹಾಕ್ಲಿ?"

ಈ ಸಲದ ನಗು ಬೇರೆ ತರಹ ಇತ್ತು. ಅದು ಮುದುಕನ ರುಮಾಲಿನ ಸುತ್ತ ತಿರುಗಿ, ಅವನ ಹೆಗಲ ಮೇಲೆ ಕೈ ಹಾಕಿದ ಹಾಗಿತ್ತು. ಗುರುಮಲ್ಲಪ್ಪ ಎದ್ದು ತನ್ನ ವಾದ ಹೇಳಿದ. ಒಂದೂ ಶ್ಲೇಷೆಯಿಲ್ಲ, ಒಂದೂ ಗಾದೆಯಿಲ್ಲ. ಕೋಟಿನ ತೋಳು ಬೆರಳ ಮೇಲೆ ಇಳಿದದ್ದೂ ಗೊತ್ತಾಗಲಿಲ್ಲ. ವಾಜಬಿ ಅಂದರೆ ಅಗ್ಗ ಅಂತಲ್ಲ, ಆ ಗಾಯಕ್ಕೆ ಆ ಮನುಷ್ಯ ಬೇರೆ ದಾರಿ ಕಾಣದೆ ಮಾಡಿದ ಖರ್ಚು. ಊತ ಇಳಿದಂತೆ ಇಳಿದ ಖರ್ಚಿಗಿಂತ ವಾಜಬಿ ಖರ್ಚು ಇನ್ನು ಯಾವುದು ಎಂದ. ನಾಲ್ಕು ನಿಮಿಷ. ಆ ತೆಳ್ಳಗಿನ ದನಿ ಕೋಣೆಯ ಕೊನೆಯವರೆಗೂ ಕೇಳಿಸಿತು.

ನ್ಯಾಯಾಧೀಶರು ಊಟದ ಬಿಡುವಿಗೆ ಮುಂಚೆಯೇ ಹೇಳಿಬಿಟ್ಟರು. "ತನಗೆ ಬರಬೇಕಾದದ್ದಕ್ಕೇ ಸೊನ್ನೆ ಹಾಕಿಕೊಂಡವನು ಮೊಟ್ಟೆಗೆ ಸುಳ್ಳು ಹೇಳುತ್ತಾನೆಯೆ? ಪಟ್ಟಿಯನ್ನು ಪಟ್ಟಿಯೆಂದು ಒಪ್ಪಿದ್ದೇನೆ. ಮೊಟ್ಟೆ, ಎಣ್ಣೆ, ಜಟಕಾ, ಎಲ್ಲವೂ ವಾಜಬಿ. ಪೂರ್ತಿ ಕೊಡತಕ್ಕದ್ದು. ಹದಿನೈದು ದಿನದೊಳಗೆ." ದೀಪಾವಳಿಗೆ ಇನ್ನೂ ಒಂದು ತಿಂಗಳಿತ್ತು. ಬಟ್ಟೆಗೆ ಮೊಹರು ಹಾಕಿ, ನಂಬರು ಬರೆದು, ಕಡತಕ್ಕೆ ಸೇರಿಸಿಕೊಂಡರು. ಮರಿಸ್ವಾಮಿ ಹೊರಡುವಾಗ ಗುರುಮಲ್ಲಪ್ಪನ ಕೈ ಕುಲುಕಿ, "ಗಟ್ಟಿ ಕಟ್ಟು ಕಣ್ರೀ" ಅಂದರು. ಅಂದದ್ದು ಶ್ಲೇಷೆಯೆಂದು ಅವರಿಗೆ ಗೊತ್ತಾಗಲಿಲ್ಲ, ಗುರುಮಲ್ಲಪ್ಪ ಹೇಳಿಕೊಡಲೂ ಇಲ್ಲ.

ಹೊರಗಿನ ಜಗಲಿಯಲ್ಲಿ ಪುಟ್ಟತಾಯಮ್ಮ ಎಡಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಬಲಗೈಯ ಬೆರಳುಗಳನ್ನು ಗಾಳಿಯಲ್ಲಿ ಬಟ್ಟೆ ತಳ್ಳುವ ಹಾಗೆ ಆಡಿಸುತ್ತ ನಿಂತಿದ್ದಳು. ಗೆದ್ದಾಗಿತ್ತು. ಈಗ ಹೇಳದಿದ್ದರೆ ಯಾರಿಗೂ ಗೊತ್ತಾಗುವುದೇ ಇಲ್ಲ. ಅದಕ್ಕೇ ಹೇಳಬೇಕಾಯಿತು. ಗುರುಮಲ್ಲಪ್ಪ ಮುದುಕನ ಎದುರು ನಿಂತು, "ಅಜ್ಜಾ, ನಿನ್ನೆ ಬಂದದ್ದು ಅಮೀನ ಅಲ್ಲ. ನಾನು. ಅವನ ದನಿಯಲ್ಲಿ ಕೂಗಿದೆ, ತಮಾಷೆಗೆ. ನಾನು ಕೇಳಿದ್ದು ಕಾಗದದ ಪಟ್ಟಿ. ನೀವು ಬಟ್ಟೆ ಅಂದುಕೊಂಡಿರಿ, ನಾನು ತಿದ್ದಲಿಲ್ಲ. ಒಳಗೆ ಎಲ್ಲರೂ ನಿಮ್ಮನ್ನು ನೋಡಿ ನಕ್ಕರಲ್ಲ, ಅದು ನನ್ನಿಂದ" ಎಂದ.

ಪುಟ್ಟತಾಯಮ್ಮನ ಬೆರಳುಗಳು ಗಾಳಿಯಲ್ಲೇ ನಿಂತವು. ಕೆಂಪಯ್ಯ ಒಂದು ಹೆಜ್ಜೆ ಮುಂದೆ ಬಂದ. ಪೊರೆಗಣ್ಣನ್ನು ಇವನ ಮುಖದ ಹತ್ತಿರಕ್ಕೆ ತಂದು ಹುಡುಕಿದ. "ನೀವಾ?" ಎಂದ. "ಕಾಗ್ಜದ ಪಟ್ಟಿಯಾ?"

"ಹೌದು ಅಜ್ಜ. ತಪ್ಪಾಯಿತು."

"ಕಾಗ್ಜದ್ದೂ ಇತ್ತಲ್ರಪ್ಪ! ನಮ್ಮೂರ ಇಸ್ಕೂಲ್ ಮೇಷ್ಟ್ರು ಹೋದ ವಾರ ಬರ್ಕೊಟ್ಟಿದ್ರು. ಕೋರ್ಟಲ್ಲಿ ಬೇಕಾಯ್ತದೆ ಮಡೀಕೋ ಅಂದಿದ್ರು. ಅಮೀನ್ ದೊರೆ ಕೇಳಿದ್ದು ಇದಲ್ಲ, ಬಟ್ಟೇದು ಅಂತ ಇವತ್ತು ಬೆಳಗ್ಗೆ ಅದನ್ನ ಒಲೆಗೆ ಹಾಕ್ಬುಟ್ಟೆ!"

"ಏನು ಬರೆದಿದ್ದರು ಅದರಲ್ಲಿ?"

"ಮೊಟ್ಟೆ ನೂರು ಅಂತ. ಫೀಸು ನೂರೈವತ್ತು ಅಂತ. ಕೋರ್ಟು ಅಂದ್ರೆ ಅರ್ಧ ಕಡಿತಾರೆ, ವಸಿ ಜಾಸ್ತಿನೇ ಇರ್ಲಿ ಅಂದ್ರು ಮೇಷ್ಟ್ರು. ಅದನ್ನ ತಂದಿದ್ರೆ..." ಮುದುಕನಿಗೆ ಮಾತು ಮುಂದಕ್ಕೆ ಹೋಗಲಿಲ್ಲ. ಹೊಟ್ಟೆಯಿಂದ ಏನೋ ಎದ್ದು ಬಂದು ರುಮಾಲನ್ನು ಅಲ್ಲಾಡಿಸಿತು. ಕಂಬ ಹಿಡಿದುಕೊಂಡು ನಗತೊಡಗಿದ. ಗುರುಮಲ್ಲಪ್ಪನೂ ನಕ್ಕ, ಪುಟ್ಟತಾಯಮ್ಮನೂ ನಕ್ಕಳು, ಜಗಲಿಯಲ್ಲಿದ್ದ ಗುಮಾಸ್ತರೂ ಯಾಕೆಂದು ತಿಳಿಯದೆ ನಕ್ಕರು. ಅವರದೆಲ್ಲ ಮುಗಿದರೂ ಕೆಂಪಯ್ಯನದು ಮುಗಿಯಲಿಲ್ಲ, ಸುಧಾರಿಸಿಕೊಳ್ಳುವುದು, "ನೂರು ಮೊಟ್ಟೆ!" ಅನ್ನುವುದು, ಮತ್ತೆ ಶುರು.

"ಸಾಕು ಕಣಜ್ಜ, ಸಾಕು" ಎಂದು ಪುಟ್ಟತಾಯಮ್ಮ ಅವನ ಬೆನ್ನು ನೀವಿದಳು. "ಇಂಗೆ ನಕ್ಕು ಪಕ್ಕೆಲುಬು ಮುರ್ಕಂಡ್ರೆ ನಿಮಗೆ ಕಟ್ಟೋರ್ಯಾರು?"

ಅದನ್ನು ಕೇಳಿ ಮುದುಕ ಕಂಬವನ್ನೂ ಬಿಟ್ಟು ಜಗಲಿಯ ಮೇಲೆ ಕೂತು, ಎರಡೂ ಪಕ್ಕೆ ಹಿಡಿದುಕೊಂಡು, ಒಳಗೆ ಮುಂದಿನ ಮೊಕದ್ದಮೆ ಕೂಗುತ್ತಿದ್ದದ್ದು ಯಾರಿಗೂ ಕೇಳಿಸದ ಹಾಗೆ ನಕ್ಕ.